ನಿದ್ದೆಯ ನೆಪ

ಬಜ್ಪೆಯ ವಿಮಾನ ದುರಂತದ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತದೆ: "ಪೈಲಟ್ ನಿದ್ದೆ ಮಾಡುತ್ತಿದ್ದನಂತೆ." ತಳೇಗಾಂವ ದಾಭಾಡೆಯ ಕನ್ನಡಿಗರ ಕೂಟಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕಲ್ಲೆದೆಯವರಲ್ಲ. ಅವರಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯವರೂ ಇದ್ದಾರೆ. ವರ್ಷಕ್ಕೊಮ್ಮೆಯಾದರೂ ಅದೇ ಗುಡ್ಡದ ಮೇಲೆ ಇಳಿದು ಊರಿಗೆ ಹೋಗುವವರು. ಆದರೂ ಆ ವಾಕ್ಯ ಹೊರಬಿದ್ದೊಡನೆ ಮಾತು ಮುಗಿದುಹೋಗುತ್ತದೆ. ಎಲ್ಲರೂ ತಲೆದೂಗುತ್ತಾರೆ, ವಿಷಯ ಬೇರೆ ಕಡೆಗೆ ಹೊರಳುತ್ತದೆ. ನನ್ನ ತಕರಾರು ಇರುವುದು ಈ ಮುಗಿಯುವಿಕೆಯ ಬಗ್ಗೆ. ಆ ವಾಕ್ಯ ಸುಳ್ಳೇನೂ ಅಲ್ಲ. ಆದರೆ ಮುಚ್ಚಿಡಬೇಕಾದುದನ್ನು ಮುಚ್ಚಿಡಲು ಸುಳ್ಳಿಗಿಂತ ಅರ್ಧಕ್ಕೆ ನಿಂತ ನಿಜವೇ ಹೆಚ್ಚು ಒದಗಿಬರುತ್ತದೆ.

ನಡೆದದ್ದನ್ನು ಮೊದಲು ನೆನೆಯೋಣ. 2010ರ ಮೇ 22, ಶನಿವಾರ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೆಯ ಸಂಖ್ಯೆಯ ವಿಮಾನ, ಬೋಯಿಂಗ್ 737-800, ಬೆಳಗಿನ 6 ಗಂಟೆ 5 ನಿಮಿಷದ ಹೊತ್ತಿಗೆ ಬಜ್ಪೆಯ ರನ್‌ವೇಯನ್ನು ದಾಟಿಹೋಗಿ ಕೆಂಜಾರಿನ ಕಡೆಯ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿ ಉಳಿದರು. ಮಳೆಯಿರಲಿಲ್ಲ, ಆರು ಕಿಲೋಮೀಟರ್ ದೂರದವರೆಗೆ ಕಣ್ಣಿಗೆ ಕಾಣುತ್ತಿದ್ದ ಬೆಳಗು ಅದು. ಸತ್ತವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಿಂದ ಗಲ್ಫಿಗೆ ದುಡಿಯಲು ಹೋದವರು, ಅವರ ಹೆಂಡಿರು, ಮಕ್ಕಳು. ಗುರುತು ಹಚ್ಚಲಾಗದೆ ಉಳಿದ 12 ದೇಹಗಳನ್ನು ಕೂಳೂರಿನಲ್ಲಿ ಮಣ್ಣು ಮಾಡಲಾಯಿತು.

ಕೇಂದ್ರ ಸರ್ಕಾರ ಜೂನ್ 3ರಂದು ತನಿಖಾ ನ್ಯಾಯಮಂಡಳಿಯೊಂದನ್ನು ನೇಮಿಸಿತು. ವಾಯುಪಡೆಯ ಮಾಜಿ ಉಪಮುಖ್ಯಸ್ಥ, ಪುಣೆಯವರೇ ಆದ ಏರ್ ಮಾರ್ಷಲ್ ಭೂಷಣ್ ಗೋಖಲೆ ಅದರ ಅಧ್ಯಕ್ಷರು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಅವರು ವರದಿ ಒಪ್ಪಿಸಿದರು. ಅವಸರದಲ್ಲಿ ಬರೆದ ವರದಿಯಲ್ಲ. ಓದಿದರೆ ಗೌರವ ಹುಟ್ಟುತ್ತದೆ. ಕಾಕ್‌ಪಿಟ್‌ನ ಧ್ವನಿಮುದ್ರಿಕೆ ಎರಡು ಗಂಟೆ ಐದು ನಿಮಿಷದ್ದು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಝ್ಲಾಟ್ಕೊ ಗ್ಲೂಸಿಕಾ ಅವರ ಮಾತಿಲ್ಲ, ಗೊರಕೆಯ ಸದ್ದಿದೆ. ಎಚ್ಚರವಾದ ಮೇಲೂ ಮಂಪರು ಹರಿಯದ ಸ್ಥಿತಿಯಲ್ಲಿ, ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿಂದ ಅವರು ವಿಮಾನವನ್ನು ಕಡಿದಾಗಿ ಇಳಿಸತೊಡಗಿದರು. ಸಹಪೈಲಟ್ ಎಚ್.ಎಸ್. ಅಹ್ಲುವಾಲಿಯಾ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ನೆಲ ಹತ್ತಿರವಾಗುತ್ತಿದೆಯೆಂದು ಯಂತ್ರವೂ ಕೂಗಿ ಎಚ್ಚರಿಸಿತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಹಿಂದೆ ಬಿಟ್ಟು ವಿಮಾನದ ಚಕ್ರಗಳು ನೆಲ ಮುಟ್ಟಿದವು. ಆಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ಹವಣಿಸಿದರು. ಅಷ್ಟರಲ್ಲಿ ರನ್‌ವೇ ಮುಗಿದಿತ್ತು.

ಇಲ್ಲಿಗೆ ಪತ್ರಿಕೆಗಳ ಕಥೆ ಮುಗಿಯಿತು, ನಮ್ಮ ಕೂಟದ ಕಥೆಯೂ ಮುಗಿಯಿತು. ವರದಿ ಮುಗಿಯಲಿಲ್ಲ.

ಅದೇ ವರದಿ ಹೇಳುವ ಬೇರೆ ಮಾತುಗಳಿವೆ. ಮಂಗಳೂರಿನ ರೇಡಾರ್ ಮೇ 20ರಿಂದಲೇ ಕೆಟ್ಟು ನಿಂತಿತ್ತು. ಅದು ಇಲ್ಲದ ಕಾರಣ, ವಿಮಾನಕ್ಕೆ ಕೆಳಗಿಳಿಯಲು ಎಂದಿಗಿಂತ ತಡವಾಗಿ, ನಿಲ್ದಾಣಕ್ಕೆ ಹೆಚ್ಚು ಹತ್ತಿರ ಬಂದ ಮೇಲೆ ಅನುಮತಿ ಸಿಕ್ಕಿತು. ಅಂದರೆ ಕಡಿದಾಗಿ ಇಳಿಯುವ ಇಕ್ಕಟ್ಟಿನ ಒಂದು ಪಾಲು ನೆಲದ ಮೇಲೆಯೇ ತಯಾರಾಗಿತ್ತು. ಗ್ಲೂಸಿಕಾ ಮತ್ತು ಅಹ್ಲುವಾಲಿಯಾ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಅದೇ ವಿಮಾನವನ್ನು ನಡೆಸಿಕೊಂಡು ಹೋಗಿ, ನಡುರಾತ್ರಿ ಕಳೆದ ಮೇಲೆ ಹಿಂದಕ್ಕೆ ಹೊರಟವರು. ಮನುಷ್ಯನ ದೇಹ ಯಾವ ಗಳಿಗೆಯಲ್ಲಿ ನಿದ್ದೆಯನ್ನು ಕೈಹಿಡಿದು ಬೇಡುತ್ತದೆಯೋ ಆ ಗಳಿಗೆಗಳಿಗೇ ಹೊಂದಿಸಿದ ವೇಳಾಪಟ್ಟಿ ಅದು. ಅದನ್ನು ಬರೆದದ್ದು ಗ್ಲೂಸಿಕಾ ಅಲ್ಲ.

ಇನ್ನು ಸಹಪೈಲಟ್ ಸಂಗತಿ. ಮೂರು ಸಲ ಹೇಳಿದವರು ಕೈ ಹಾಕಿ ವಿಮಾನವನ್ನು ಮೇಲಕ್ಕೇಕೆ ಎತ್ತಲಿಲ್ಲ? ವರದಿಯ ಉತ್ತರದಲ್ಲಿ ಒಂದು 'ಪ್ರಾಯಶಃ' ಇದೆ: ಹಾಗೆ ಮಾಡಲು ಸಹಪೈಲಟ್‌ಗೆ ಅಧಿಕಾರವಿದೆಯೇ ಇಲ್ಲವೇ ಎಂಬ ಬಗ್ಗೆ ಸೂಚನೆಗಳೇ ಅಸ್ಪಷ್ಟವಾಗಿದ್ದವು. ಈ ಒಂದು ಸಾಲಿನ ಮುಂದೆ ನಾವು ಸ್ವಲ್ಪ ಹೊತ್ತು ಕೂರಬೇಕು. ಮಂಗಳೂರಿನಲ್ಲಿ 66 ಸಲ ಇಳಿದು ಹತ್ತಿದ ಅನುಭವವಿದ್ದ ಸಹಪೈಲಟ್. ಕ್ಯಾಪ್ಟನ್ ಅಲ್ಲಿಗೆ ಬಂದದ್ದು 19 ಸಲ. ಗುಡ್ಡವನ್ನು ಹೆಚ್ಚು ಬಲ್ಲವನಿಗೆ ಕಾಣುತ್ತಿದೆ, ಬಾಯಿಬಿಟ್ಟು ಹೇಳುತ್ತಲೂ ಇದ್ದಾನೆ, ಆದರೆ ಕೈ ಮೇಲೇಳುವುದಿಲ್ಲ. ಹಿರಿಯರು ತಪ್ಪುವಾಗ ಕಿರಿಯರು ಎಷ್ಟರವರೆಗೆ ಹೇಳಬಹುದು, ಎಲ್ಲಿಂದ ಮುಂದೆ ಮಾಡಲೇಬೇಕು ಎಂಬುದನ್ನು ನಮ್ಮ ಮನೆಗಳು, ಕಚೇರಿಗಳು, ಮಠಗಳು ಯಾವತ್ತೂ ಸ್ಪಷ್ಟವಾಗಿ ಬರೆದಿಟ್ಟಿಲ್ಲ ಎಂಬುದು ಬೇರೆ ಮಾತು. ವಿಮಾನದಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿಡುವುದು ಸಂಸ್ಥೆಯ ಮತ್ತು ನಿಯಂತ್ರಕರ ಕೆಲಸ. ಅವರು ಎಚ್ಚರವಾಗಿದ್ದರೇ?

ನಾವು ಸಾಹಿತ್ಯದವರು ಒಂದು ಶಬ್ದದ ಲೆಕ್ಕವನ್ನೂ ಒಪ್ಪಿಸಬೇಕಾಗಿದೆ. ಕನ್ನಡ ಪತ್ರಿಕೆಗಳು ಇಂಥದ್ದನ್ನು 'ಅಪಘಾತ' ಎನ್ನುವುದಕ್ಕಿಂತ 'ದುರಂತ' ಎನ್ನುವುದೇ ಹೆಚ್ಚು. ದುರಂತವೆಂದರೆ ನಮಗೆ ನಾಟಕದ ನೆನಪು. ಸೋಫೋಕ್ಲೀಸನ ಅಯಾಕ್ಸನನ್ನು ಬಿಎಂಶ್ರೀ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದಂದಿನಿಂದ, ದೊಡ್ಡವನೊಬ್ಬನ ಒಂದು ದೋಷದಿಂದ ಎಲ್ಲವೂ ಕುಸಿಯುವ ಕಥೆಯನ್ನು ನಾವು ಬಲು ಚೆನ್ನಾಗಿ ಓದಬಲ್ಲೆವು. ಕುಸಿತಕ್ಕೆ ಒಬ್ಬ ನಾಯಕ, ನಾಯಕನಿಗೆ ಒಂದು ದೋಷ, ಆಚೆಗೆ ವಿಧಿ. ರಂಗದ ಮೇಲೆ ಇದು ಘನವಾದದ್ದು. ವಿಮಾನ ತನಿಖೆಗೆ ಇದಕ್ಕಿಂತ ಕೆಟ್ಟ ಮಾದರಿ ಇನ್ನೊಂದಿಲ್ಲ. ಏಕೆಂದರೆ ಅಲ್ಲಿ ನಾಯಕನ ದೋಷ ಪತ್ತೆಯಾದರೆ ಪ್ರೇಕ್ಷಕ ಮನೆಗೆ ಹೋಗಬಹುದು. ಇಲ್ಲಿ ದೋಷ ಪತ್ತೆಯಾದ ಮೇಲೆಯೇ ಕೆಲಸ ಶುರುವಾಗಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧವೂ ಇದನ್ನೇ ವಿಧಿಸುತ್ತದೆ: ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಹೊಣೆಯನ್ನೋ ಅಪರಾಧವನ್ನೋ ಹಂಚುವುದು ಅದರ ಕೆಲಸವಲ್ಲ.

ಗುಡ್ಡದ ಕಥೆಗೆ ಬರೋಣ. ಬಜ್ಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು. ರನ್‌ವೇಯ ಅಂಚಿನಾಚೆ ಕಣಿವೆ. ಹಳೆಯ ರನ್‌ವೇಯಲ್ಲಿಯೇ 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಒದ್ದೆ ನೆಲದಲ್ಲಿ ನಿಲ್ಲಲಾರದೆ ಅಂಚು ದಾಟಿ, ಕಣಿವೆಗೆ ಬೀಳದೆ ಹೇಗೋ ನಿಂತಿತ್ತು. ಯಾರೂ ಸಾಯಲಿಲ್ಲ; ಪ್ರಯಾಣಿಕರಲ್ಲಿ ವೀರಪ್ಪ ಮೊಯಿಲಿಯವರೂ ಇದ್ದರು. ಮುಂದೆ, ಎರಡನೆಯ, ಉದ್ದದ ರನ್‌ವೇಯ ಯೋಜನೆ ಬಂದಾಗ ಸ್ಥಳೀಯರು ಬೆಂಗಳೂರಿನ ಎನ್‌ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನ ಜೊತೆಗೂಡಿ 1997ರಲ್ಲೊಮ್ಮೆ, 2002ರಲ್ಲಿ ಮತ್ತೊಮ್ಮೆ ಹೈಕೋರ್ಟಿಗೆ ಹೋದರು. ಇಂಥ ಕಿರಿದಾದ ಗುಡ್ಡದ ಮೇಲೆ ಸುರಕ್ಷತೆಯ ಮಾನದಂಡಗಳಿಗೆ ಬೇಕಾದಷ್ಟು ಜಾಗವೇ ಇಲ್ಲ, ವಿಮಾನ ಅಂಚು ದಾಟಿದರೆ ಉಳಿಗಾಲವಿಲ್ಲ ಎಂಬುದು ಅವರ ವಾದ. ಅರ್ಜಿಗಳು ಬಿದ್ದುಹೋದವು. 2003ರಲ್ಲಿ ಸುಪ್ರೀಂ ಕೋರ್ಟು, ಕಾನೂನು ಮತ್ತು ನಿಯಮಗಳನ್ನೆಲ್ಲ ಪಾಲಿಸಿರೆಂದು ಸರ್ಕಾರಕ್ಕೆ ಹೇಳಿ ಅರ್ಜಿಯನ್ನು ಮುಕ್ತಾಯಗೊಳಿಸಿತು. 2006ರ ಮೇ ತಿಂಗಳಲ್ಲಿ ಹೊಸ ರನ್‌ವೇ ಉದ್ಘಾಟನೆಯಾಯಿತು. ನಾಲ್ಕು ವರ್ಷ ತುಂಬಿ ಹನ್ನೆರಡು ದಿನಕ್ಕೆ ವಿಮಾನ ಬಿತ್ತು. ರನ್‌ವೇಯ ಕೊನೆಯ ಸುರಕ್ಷಾ ಪಟ್ಟಿ ಅಲ್ಲಿ 90 ಮೀಟರ್: ಅಂತರರಾಷ್ಟ್ರೀಯ ನಿಯಮ ಹೇಳುವ ಕನಿಷ್ಠ. ಅದೇ ನಿಯಮ ಶಿಫಾರಸು ಮಾಡುವುದು 240 ಮೀಟರ್. ಆಚೆ ದಿಕ್ಕು ತೋರಿಸುವ ಆಂಟೆನಾವನ್ನು ಕಾಂಕ್ರೀಟಿನ ಕಟ್ಟೆಯ ಮೇಲೆ ನಿಲ್ಲಿಸಲಾಗಿತ್ತು. ವಿಮಾನದ ಬಲರೆಕ್ಕೆ ಬಡಿದದ್ದು ಅದಕ್ಕೆ. ಬಡಿದರೆ ಮುರಿದುಬೀಳುವ ಹಗುರ ರಚನೆಗಳೇ ಅಲ್ಲಿರಬೇಕು ಎಂದು ಗೋಖಲೆ ಮಂಡಳಿ ಆಮೇಲೆ ಶಿಫಾರಸು ಮಾಡಿತು.

ಇದಕ್ಕೆ ಬರುವ ಎದುರುಮಾತು ಗೊತ್ತೇ ಇದೆ. ಸಾವಿರಾರು ವಿಮಾನಗಳು ಅದೇ ಗುಡ್ಡದ ಮೇಲೆ ಕ್ಷೇಮವಾಗಿ ಇಳಿದಿಲ್ಲವೇ? ಇಳಿದಿವೆ. ಅಷ್ಟೇ ಅಲ್ಲ, 5,200 ಅಡಿ ದಾಟಿ ನೆಲಮುಟ್ಟಿದ ಆ ವಿಮಾನವೂ ಕೂಡಲೇ ಪೂರ್ತಿ ಬ್ರೇಕು ಹಾಕಿ ಎಂಜಿನ್ನಿನ ಎದುರುನೂಕನ್ನು ಬಳಸಿದ್ದರೆ 7,600 ಅಡಿಯ ಹೊತ್ತಿಗೆ ನಿಲ್ಲುತ್ತಿತ್ತು ಎಂದು ವರದಿಯೇ ಅಂದಾಜು ಮಾಡಿದೆ. ಹಾಗಾಗಿ ಗುಡ್ಡವೇ ಕೊಂದಿತು ಎಂದು ನಾನು ವಾದಿಸುತ್ತಿಲ್ಲ. ಕ್ಯಾಪ್ಟನ್ ಕೊನೆಯ ಗಳಿಗೆಯವರೆಗೂ ಒಂದರ ಮೇಲೊಂದು ತಪ್ಪು ಮಾಡಿದರು. ಅದನ್ನು ತೇಲಿಸಿ ಹೇಳುವ ಅಗತ್ಯ ಯಾರಿಗೂ ಇಲ್ಲ. ನನ್ನ ವಾದ ಇಷ್ಟು: ಮನುಷ್ಯ ತಪ್ಪು ಮಾಡುತ್ತಾನೆಂಬುದು ಆಕಸ್ಮಿಕವಲ್ಲ, ಲೆಕ್ಕದಲ್ಲಿ ಸೇರಿಸಿಯೇ ಕಟ್ಟಬೇಕಾದ ಸಂಗತಿ. ಆಣೆಕಟ್ಟು ಕಟ್ಟುವವನು ಮಳೆಯನ್ನು ದೂರುವಂತಿಲ್ಲ. ತಪ್ಪಿಗೂ ಸಾವಿಗೂ ನಡುವೆ 150 ಮೀಟರ್ ಹೆಚ್ಚು ನೆಲವನ್ನು ಇಡಬಹುದಿತ್ತು ಎಂದಾದರೆ, ಅದನ್ನು ಇಡದವನ ಹೆಸರೂ ಕಾರಣಗಳ ಪಟ್ಟಿಯಲ್ಲಿರಬೇಕು.

ಪೈಲಟ್ ತಪ್ಪೆಂಬ ಷರಾ ಹಳೆಯದು. ನಮ್ಮ ಪುಣೆ ಜಿಲ್ಲೆಯ ಜುನ್ನರದ ಬಳಿಯ ಬೆಟ್ಟಕ್ಕೆ 1962ರ ಜುಲೈ 7ರಂದು ಅಲಿಟಾಲಿಯಾದ ಡಿಸಿ-8 ಬಡಿದು 94 ಮಂದಿ ಸತ್ತಾಗಲೂ, ದಾರಿಯ ಲೆಕ್ಕ ತಪ್ಪಿ ಬೇಗ ಇಳಿದರೆಂಬುದೇ ನಿರ್ಣಯ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಮುಂದೆ ಇಂಡಿಯನ್ ಏರ್‌ಲೈನ್ಸ್‌ನ ಎ320 ಬಿದ್ದು 92 ಮಂದಿ ಸತ್ತಾಗ ಬೆರಳು ತಿರುಗಿದ್ದೂ ಕಾಕ್‌ಪಿಟ್ ಕಡೆಗೇ. ಆ ಬಗೆಯ ವಿಮಾನ ದೇಶಕ್ಕೆ ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಆದರೆ ಹಳೆಯದೆಲ್ಲ ಇರಲಿ, ಬಜ್ಪೆಯ ಪಾಠ ಕಲಿತೆವೇ ಎಂಬುದಕ್ಕೆ ಕೋಯಿಕ್ಕೋಡ್ ಸಾಕು. 2020ರ ಆಗಸ್ಟ್ 7, ರಾತ್ರಿ, ಮಳೆ. ಅದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಅದೇ ಬೋಯಿಂಗ್ 737-800, ಅದೇ ದುಬೈ, ಅಂಥದೇ ಗುಡ್ಡದ ನೆತ್ತಿಯ ರನ್‌ವೇ. 190 ಮಂದಿಯಲ್ಲಿ ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಬಂದ ವರದಿಯ ಸಾರವನ್ನು ಗೋಖಲೆ ವರದಿಯ ಪಕ್ಕ ಇಟ್ಟು ನೋಡಿರಿ: ಅಸ್ಥಿರ ಇಳಿತವನ್ನು ಕೈಬಿಡಲಿಲ್ಲ, ರನ್‌ವೇಯ ಅರ್ಧಭಾಗದ ಹತ್ತಿರ ನೆಲ ಮುಟ್ಟಿದರು, ಮೇಲೇರೋಣವೆಂದು ಸಹಪೈಲಟ್ ಹೇಳಿದರೂ ಕೇಳಲಿಲ್ಲ, ಸಹಪೈಲಟ್ ಹಿಡಿತವನ್ನು ತಾನು ತೆಗೆದುಕೊಳ್ಳಲಿಲ್ಲ. ಹತ್ತು ವರ್ಷ ಕಳೆದು ಅದೇ ವಾಕ್ಯ ಮತ್ತೆ ಬರೆಯಬೇಕಾಗಿ ಬಂದರೆ, ಮೊದಲ ವಾಕ್ಯ ಯಾರಿಗೂ ಕೇಳಿಸಿರಲಿಲ್ಲವೆಂದೇ ಅರ್ಥ. ಕೋಯಿಕ್ಕೋಡಿನ ರನ್‌ವೇಯ ಬಗ್ಗೆ ವಿಮಾನ ಸುರಕ್ಷಾ ಸಲಹಾ ಸಮಿತಿಯ ಸದಸ್ಯ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರಲ್ಲೇ ಬರವಣಿಗೆಯಲ್ಲಿ ಎಚ್ಚರಿಸಿದ್ದರು. ಓಡಿಬಂದ ವಿಮಾನ ಹೂತು ನಿಲ್ಲುವಂತೆ ಅಂಚಿನಲ್ಲಿ ಹಾಸುವ ಮೆತ್ತನೆಯ ಹಾಸು ಅಲ್ಲಿರಲಿಲ್ಲ.

ಕೋಯಿಕ್ಕೋಡಿನಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಕ್ಯಾಪ್ಟನ್ ದೀಪಕ್ ಸಾಠೆ ನಮ್ಮ ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಾದವರು, ವಾಯುಪಡೆಯಲ್ಲಿ ಹೆಸರು ಗಳಿಸಿದವರು. ಮೊದಲ ವಾರ ಪತ್ರಿಕೆಗಳಲ್ಲಿ ಅವರು ವೀರ. ಬಜ್ಪೆಯ ಗ್ಲೂಸಿಕಾ ವಿದೇಶಿ, ಆದ್ದರಿಂದ ಕುಂಭಕರ್ಣ. ಒಬ್ಬನಿಗೆ ಹಾರ, ಇನ್ನೊಬ್ಬನಿಗೆ ಶಾಪ. ಎರಡರಲ್ಲೂ ಕಣ್ಣು ಕಾಕ್‌ಪಿಟ್ಟಿನಿಂದ ಹೊರಗೆ ಬರುವುದಿಲ್ಲ. ಕೋಯಿಕ್ಕೋಡ್ ವರದಿ ಹೊರಗೆ ಬಂದಿತು: ಆ ನೆಲೆಯಲ್ಲಿ ಕ್ಯಾಪ್ಟನ್‌ಗಳ ಸಂಖ್ಯೆಯೇ ಸಾಲದಾಗಿತ್ತು, ಮರುದಿನ ಬೆಳಗಿನ ವಿಮಾನವನ್ನೂ ಸಾಠೆಯವರೇ ನಡೆಸಬೇಕಿತ್ತು, ಹೇಗಾದರೂ ಅಲ್ಲಿಯೇ ಇಳಿಯಬೇಕೆಂಬ ಒತ್ತಡಕ್ಕೆ ಅದೂ ಕಾರಣ ಎಂದಿತು. ನಾವು ಆ ಪುಟದವರೆಗೆ ಹೋಗಲಿಲ್ಲ.

ನಿದ್ದೆಯ ಮಾತನ್ನು ಆಡಿಯೇಬಿಡೋಣ. ತಳೇಗಾಂವದವರಿಗೆ ಎಕ್ಸ್‌ಪ್ರೆಸ್‌ವೇ ಬಾಗಿಲಲ್ಲೇ ಇದೆ. ಅಲ್ಲಿ ಲಾರಿಯೋ ಬಸ್ಸೋ ಮಗುಚಿದ ಮರುದಿನ ಮರಾಠಿ ಪತ್ರಿಕೆಯಲ್ಲಿ, ಚಾಲಕನಿಗೆ ಜೊಂಪು ಹತ್ತಿತ್ತೆಂಬ ಸಾಲು. ಅವನು ಎಷ್ಟು ಗಂಟೆಯಿಂದ ಸ್ಟೀರಿಂಗ್ ಹಿಡಿದಿದ್ದ, ಯಾವ ಬಾಡಿಗೆಗೆ, ಯಾರ ಅವಸರಕ್ಕೆ ಎಂಬ ಸಾಲು ಇರುವುದಿಲ್ಲ. ಪೈಲಟ್‌ಗಳ ವಿಷಯದಲ್ಲಿ ಕಡೆಗೊಮ್ಮೆ ಸಾಲು ಬರೆಯುವ ಕಾಲ ಬಂತು. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿಯ ಇಳಿತಗಳನ್ನು ಕಡಿತಗೊಳಿಸುವ ಹೊಸ ನಿಯಮಗಳು 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂದವು. ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯಾದ ಇಂಡಿಗೋ ಅದಕ್ಕೆ ಬೇಕಾದಷ್ಟು ಸಿದ್ಧವಾಗದೆ ಸಾವಿರಾರು ಹಾರಾಟಗಳನ್ನು ರದ್ದುಮಾಡಿತು. ಪುಣೆಯಲ್ಲೂ ನಿಲ್ದಾಣ ತುಂಬಿ ತುಳುಕಿತು, ನಾವೂ ಸಿಟ್ಟಾದೆವು. ಆಗ ನಿಯಂತ್ರಕರು ಮಾಡಿದ್ದೇನು? ನಿಯಮಗಳನ್ನೇ ಸಡಿಲಿಸಿ, ಆ ಸಂಸ್ಥೆಗೆ ರಾತ್ರಿ ಕರ್ತವ್ಯದ ಮಿತಿಗಳಿಂದ ಫೆಬ್ರವರಿಯವರೆಗೆ ವಿನಾಯಿತಿ ಕೊಟ್ಟರು. 158 ಸಾವಿನ ಮುಂದೆ ನಿದ್ದೆಯನ್ನು ಪಾಪವೆಂದು ಬಗೆದ ನಾಡು, ಆ ನಿದ್ದೆಗೆ ಹಾಸಿಗೆ ಹಾಸುವ ಕಾನೂನು ಬಂದಾಗ ಟಿಕೆಟ್ಟಿನ ಹಣ ವಾಪಸು ಕೇಳಿತು.

ಇನ್ನು ತನಿಖೆ ಮಾಡುವವರು ಯಾರೆಂಬುದು. ಬಜ್ಪೆಯ ನಂತರ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಸ್ಥಾಪನೆಯಾಯಿತು. ಒಳ್ಳೆಯದೇ. ಆದರೆ ಅದು ಇರುವುದು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ನಿಯಂತ್ರಕರಾದ ಡಿಜಿಸಿಎ ಅದೇ ಸಚಿವಾಲಯದ್ದು. ಬಜ್ಪೆಯ ರನ್‌ವೇ ಕಟ್ಟಿದ ವಿಮಾನ ನಿಲ್ದಾಣ ಪ್ರಾಧಿಕಾರ ಅದೇ ಸಚಿವಾಲಯದ್ದು. 2010ರಲ್ಲಿಯೂ 2020ರಲ್ಲಿಯೂ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ ಸರ್ಕಾರದ್ದೇ ಆಗಿತ್ತು. ಅಮೆರಿಕ 1974ರಲ್ಲೇ ತನ್ನ ತನಿಖಾ ಮಂಡಳಿಯನ್ನು ಸಾರಿಗೆ ಇಲಾಖೆಯಿಂದ ಬೇರ್ಪಡಿಸುವ ಕಾನೂನು ಮಾಡಿತು. ಅಷ್ಟು ದೂರ ಹೋಗುವುದೇ ಬೇಡ. ನಮ್ಮಲ್ಲಿ ರೈಲು ಅಪಘಾತವಾದರೆ ವಿಚಾರಣೆ ನಡೆಸುವ ರೈಲ್ವೆ ಸುರಕ್ಷಾ ಆಯುಕ್ತರು ರೈಲ್ವೆ ಸಚಿವಾಲಯದವರಲ್ಲ. ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳಬಾರದೆಂದು 1941ರಲ್ಲಿ ಬ್ರಿಟಿಷರ ಕಾಲದಲ್ಲೇ ಅವರನ್ನು ರೈಲ್ವೆ ಮಂಡಳಿಯಿಂದ ಬಿಡಿಸಿ ಅಂಚೆ ಮತ್ತು ವಾಯು ಇಲಾಖೆಗೆ ಸೇರಿಸಿದರು. ಇಂದು ಅವರು ಯಾವ ಸಚಿವಾಲಯದ ಕೆಳಗಿದ್ದಾರೆ ಗೊತ್ತೇ? ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ! ರೈಲಿನವರಿಗೆ ನ್ಯಾಯ ಹೇಳಲು ತಟಸ್ಥರಾಗಿ ಕೂತವರು, ತಮ್ಮ ಮನೆಯ ವ್ಯಾಜ್ಯದಲ್ಲಿ ಮಾತ್ರ ತಾವೇ ಪಂಚರು.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು 260 ಮಂದಿ ಸತ್ತ ಒಂದು ತಿಂಗಳಿಗೆ ಈ ಬ್ಯೂರೋ ಪ್ರಾಥಮಿಕ ವರದಿ ಕೊಟ್ಟಿತು. ಇಂಧನದ ಸ್ವಿಚ್ಚುಗಳು ಒಂದರ ಹಿಂದೊಂದು ಆರಿದ ಸ್ಥಿತಿಗೆ ಸರಿದವು, ಒಬ್ಬ ಪೈಲಟ್ ಏಕೆಂದು ಕೇಳಿದ, ಇನ್ನೊಬ್ಬ ನಾನಲ್ಲವೆಂದ ಎಂದು ಅದು ಹೇಳಿತು. ಯಾರು ಯಾರೆಂದು ಹೇಳಲಿಲ್ಲ. ಊರಿಗೆ ಊರೇ ಅಪರಾಧಿಯನ್ನು ಆರಿಸಲು ಅಷ್ಟು ಸಾಕಾಯಿತು. ನಮ್ಮ ಕೂಟದಲ್ಲಿಯೂ ಒಬ್ಬರು ಆರಿಸಿಬಿಟ್ಟರು.

ಸತ್ತವರ ಮನೆಯವರಿಗೆ ಇದರಿಂದೆಲ್ಲ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ದುಡ್ಡಿನಲ್ಲೇ ಹೇಳುತ್ತೇನೆ. ಭಾರತ 2009ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ್ದರಿಂದ ಬಜ್ಪೆಯ ಪರಿಹಾರ ಅದರ ಪ್ರಕಾರ ಆಗಬೇಕಿತ್ತು. ಎಲ್ಲರಿಗೂ ಕನಿಷ್ಠ ಸುಮಾರು 75 ಲಕ್ಷ ರೂಪಾಯಿ ಸಲ್ಲಬೇಕೆಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಕೊನೆಯವರೆಗೆ ಹೋರಾಡುವ ಶಕ್ತಿಯಿದ್ದ ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟು ಏಳೂವರೆ ಕೋಟಿಗೂ ಹೆಚ್ಚು ಪರಿಹಾರ ನಿಗದಿ ಮಾಡಿದ್ದು 2020ರ ಮೇ 20ರಂದು, ಹತ್ತು ವರ್ಷ ತುಂಬಲು ಎರಡು ದಿನ ಇರುವಾಗ. ಆ ಶಕ್ತಿಯಿಲ್ಲದವರು ಸಂಸ್ಥೆಯ ವಕೀಲರ ಎದುರು ಕೂತು, ಕೊಟ್ಟದ್ದಕ್ಕೆ ಸಹಿ ಹಾಕಿ ಎದ್ದರು.

ಆ ವಕೀಲರ ಮುಂದೆ ಕೂತ ಕಾಸರಗೋಡಿನ, ಬಂಟ್ವಾಳದ, ಪುತ್ತೂರಿನ ಮನೆಯವರ ಕೈಯಲ್ಲಿ ತಮ್ಮವರು ಏಕೆ ಸತ್ತರೆಂಬುದರ ದಾಖಲೆ ಇದ್ದರೂ ಅದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅವರಿಗೆ ತಲುಪಿದ್ದು 'ವಿಧಿಯಾಟ', ಮತ್ತು ಗೊರಕೆ. ರೇಡಾರ್ ಕೆಟ್ಟದ್ದು, ಕಾಂಕ್ರೀಟಿನ ಕಟ್ಟೆ, ಅಸ್ಪಷ್ಟ ಸೂಚನೆಗಳು ತಲುಪಲಿಲ್ಲ. ಇಂಥ ವರದಿಗಳನ್ನು ಸತ್ತವರ ಭಾಷೆಯಲ್ಲೂ ಪ್ರಕಟಿಸಬೇಕೆಂದು ಸಚಿವಾಲಯವನ್ನು ಒತ್ತಾಯಿಸುವುದು ಒಂದು. ಅದು ಆಗುವವರೆಗೆ ಕಾಯದಿರುವುದು ಇನ್ನೊಂದು. ಪುಣೆ, ಪಿಂಪ್ರಿ, ತಳೇಗಾಂವಗಳ ಕನ್ನಡಿಗರಲ್ಲಿ ಎಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ವಾಯುಪಡೆಯಿಂದ ನಿವೃತ್ತರಾದವರಿದ್ದಾರೆ, ಇಡೀ ಕಾದಂಬರಿಗಳನ್ನು ಮರಾಠಿಯಿಂದ ತಂದ ಅನುವಾದಕರಿದ್ದಾರೆ. ಗೋಖಲೆ ವರದಿಯ ಶಿಫಾರಸುಗಳ ಅಧ್ಯಾಯದಿಂದ ಶುರುಮಾಡಬಹುದು. ಪಾರಿಭಾಷಿಕ ಪದಗಳಿಗೆ ಹೆದರಬೇಕಾಗಿಲ್ಲ. ರನ್‌ವೇಯನ್ನು ರನ್‌ವೇ ಎಂದೇ ಬರೆಯೋಣ. ಸಹಪೈಲಟ್ ಕೈ ಏಕೆ ಮೇಲೇಳಲಿಲ್ಲ ಎಂಬ ಸಾಲನ್ನು ಮಾತ್ರ, ದಯವಿಟ್ಟು, 'ಪ್ರಾಯಶಃ' ಎಂಬ ಪದ ಬಿಟ್ಟುಹೋಗದಂತೆ ಅನುವಾದಿಸಬೇಕು.